ಸತ್ಯವಾಕ್ಯನ ಹದಿನೆಂಟನೆಯ ವರ್ಷ: ಗಂಗರ ರಾಜ್ಯವರ್ಷಗಣನೆಯೂ ಜಪಾನಿನ ಜೋಗನ್ ವರ್ಷನಾಮವೂ

1

ಮೈಸೂರು ಜಿಲ್ಲೆಯ ಪಶ್ಚಿಮ ಭಾಗದಲ್ಲಿರುವ ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣ ಮತ್ತು ಕೃಷ್ಣರಾಜನಗರ ತಾಲ್ಲೂಕುಗಳ ಸೀಮೆಯು ಕಪಿಲಾ, ಲಕ್ಷ್ಮಣತೀರ್ಥ, ಕಾವೇರಿ ಈ ಮೂರು ನದಿಗಳ ನೀರನ್ನುಂಡು ಬೆಳೆದ ಪ್ರಾಚೀನ ನಾಡು. ಕಪಿಲೆಯ ದಡದ ಕಿತ್ತೂರೇ ಪುನ್ನಾಟದ ಅರಸರ ರಾಜಧಾನಿಯಾದ ಕೀರ್ತಿಪುರವೆಂದು ವಿದ್ವಾಂಸರು ಗುರುತಿಸಿದ್ದಾರೆ. ಪುನ್ನಾಟವು ಗಂಗರ ರಾಜ್ಯದಲ್ಲಿ ಸೇರಿಹೋದಮೇಲೆ ಈ ಸೀಮೆಯು ಹಲವು ಶತಮಾನಗಳ ಕಾಲ ಗಂಗವಾಡಿಯ ಅಂಗವಾಗಿದ್ದಿತು. ಹನ್ನೊಂದನೆಯ ಶತಮಾನದಲ್ಲಿ ಚೋಳರ ಕೈಸೇರಿ, ಅನಂತರ ಬಹುಕಾಲ ಚಂಗಾಳ್ವರ ಆಳ್ವಿಕೆಯನ್ನು ಕಂಡಿತು. ಬಿ. ಎಲ್. ರೈಸ್ ಅವರು 1898ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ನಾಲ್ಕನೆಯ ಸಂಪುಟದಲ್ಲಿ ಹೆಗ್ಗಡದೇವನಕೋಟೆ, ಹುಣಸೂರು ಮತ್ತು ಎಡತೊರೆ (ಇಂದಿನ ಕೃಷ್ಣರಾಜನಗರ) ಸೀಮೆಗಳ ಶಾಸನಗಳು ಮೊದಲ ಬಾರಿಗೆ ಒಟ್ಟಾಗಿ ಬೆಳಕಿಗೆ ಬಂದವು.

ಈ ಸಂಪುಟಗಳನ್ನು ತೆರೆದ ವಿದ್ಯಾರ್ಥಿಯು ಗಂಗರ ಕಾಲದ ಶಿಲಾಶಾಸನಗಳ ಬಳಿಗೆ ಬಂದೊಡನೆ ಒಂದು ತೊಡಕನ್ನು ಎದುರಿಸುತ್ತಾನೆ. ಶಾಸನದ ಪಾಠವಿದೆ, ಅರಸನ ಬಿರುದುಗಳಿವೆ, ದಾನದ ವಿವರವಿದೆ, ಸಾಕ್ಷಿಗಳ ಹೆಸರಿದೆ; ಆದರೆ ಕಾಲವನ್ನು ಸೂಚಿಸಬೇಕಾದ ಸ್ಥಳದಲ್ಲಿ ಅನೇಕ ವೇಳೆ ‘ಸುಮಾರು’ ಎಂಬ ಮಾತನ್ನು ಸಂಪಾದಕರು ಸೇರಿಸಬೇಕಾಗಿ ಬಂದಿದೆ. ಈ ‘ಸುಮಾರು’ ಎಂಬ ಶಬ್ದದ ಹಿಂದೆ ಏನಿದೆ, ಅದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದೇ ಪ್ರಕೃತ ಪ್ರಬಂಧದ ವಿಷಯ. ಇದನ್ನು ವಿವೇಚಿಸುವಾಗ ಅದೇ ಒಂಬತ್ತನೆಯ ಶತಮಾನದಲ್ಲಿ ಬಹುದೂರದ ಮತ್ತೊಂದು ರಾಜ್ಯವು ತನ್ನ ವರ್ಷಗಳನ್ನು ಹೇಗೆ ಎಣಿಸುತ್ತಿದ್ದಿತೆಂಬುದನ್ನು ಪಕ್ಕದಲ್ಲಿಟ್ಟು ನೋಡುವುದು ಉಪಯುಕ್ತವೆಂದು ನಮಗೆ ತೋರಿದೆ. ಆ ರಾಜ್ಯ ಜಪಾನ್. ಎರಡು ನಾಡುಗಳಿಗೂ ಆಗ ಪರಸ್ಪರ ಸಂಬಂಧವಿದ್ದಿತೆಂದು ನಾವು ಹೇಳುತ್ತಿಲ್ಲ. ಎರಡೂ ಕಡೆ ಅರಸನ ಆಳ್ವಿಕೆಯೇ ವರ್ಷಗಣನೆಗೆ ಆಧಾರವಾಗಿದ್ದರೂ ಫಲ ಮಾತ್ರ ಬೇರೆಯಾದುದೇಕೆ ಎಂಬುದಷ್ಟೇ ನಮ್ಮ ಪ್ರಶ್ನೆ.

2

ಜಪಾನಿನ ಪದ್ಧತಿಯನ್ನು ಮೊದಲು ಸಂಕ್ಷೇಪವಾಗಿ ತಿಳಿಯೋಣ. ಅಲ್ಲಿ ಚಕ್ರವರ್ತಿಯ ಆಸ್ಥಾನವು ವರ್ಷಗಳಿಗೆ ಒಂದು ಶುಭನಾಮವನ್ನು ಘೋಷಿಸಿ, ಆ ಹೆಸರಿನಡಿಯಲ್ಲಿ ಒಂದು, ಎರಡು, ಮೂರು ಎಂದು ಎಣಿಸಿಕೊಂಡು ಹೋಗುವ ಪದ್ಧತಿಯುಂಟು. ಇದಕ್ಕೆ ‘ನೆಂಗೋ’ ಎಂದು ಹೆಸರು. ನಾವಿಲ್ಲಿ ವರ್ಷನಾಮವೆಂದು ಕರೆಯುತ್ತೇವೆ. ಚೀನಾದಿಂದ ಬಂದ ಈ ಪದ್ಧತಿಯು ಜಪಾನಿನಲ್ಲಿ 645ರಲ್ಲಿ ಮೊದಲಾಗಿ, 701ರಿಂದೀಚೆಗೆ ಎಡೆಬಿಡದೆ ನಡೆದುಬಂದಿದೆ. 2019ರಲ್ಲಿ ಆರಂಭವಾದ ರೇವಾ ವರ್ಷನಾಮವು ಅದೇ ಸರಪಣಿಯ ಕೊಂಡಿ.

ಒಬ್ಬ ಚಕ್ರವರ್ತಿಗೆ ಒಂದೇ ವರ್ಷನಾಮವೆಂಬ ನಿಯಮ ಬಂದದ್ದು 1868ರ ತರುವಾಯ. ಪ್ರಾಚೀನ ಕಾಲದಲ್ಲಿ ಹೊಸ ಚಕ್ರವರ್ತಿ ಪಟ್ಟವೇರಿದಾಗಲೂ ಶುಭಶಕುನ ಕಂಡಾಗಲೂ ವಿಪತ್ತು ಒದಗಿದಾಗಲೂ ಹೆಸರನ್ನು ಬದಲಾಯಿಸುವುದುಂಟು. 850ರಿಂದ 858ರವರೆಗೆ ಆಳಿದ ಮೊಂತೊಕು ಚಕ್ರವರ್ತಿಯ ಕಾಲದಲ್ಲಿಯೇ ನಿಂಜು, ಸೈಕೋ, ತೆನ್‌ಆನ್ ಎಂಬ ಮೂರು ವರ್ಷನಾಮಗಳು ಆಗಿಹೋದವು. ಅವನ ಮಗನಾದ ಸೇವಾ 858ರಲ್ಲಿ, ಇನ್ನೂ ಬಾಲಕನಾಗಿದ್ದಾಗಲೇ, ಸಿಂಹಾಸನವನ್ನೇರಿದನು. ಮರುವರ್ಷ, ಅಂದರೆ ತೆನ್‌ಆನ್ ಮೂರನೆಯ ವರ್ಷದ ನಾಲ್ಕನೆಯ ತಿಂಗಳಲ್ಲಿ, ‘ಜೋಗನ್’ ಎಂಬ ಹೊಸ ವರ್ಷನಾಮ ಘೋಷಿತವಾಯಿತು. ಚೀನಾದ ತಾಂಗ್ ಮನೆತನದ ಪ್ರಸಿದ್ಧ ಚಕ್ರವರ್ತಿ ತೈತ್ಸುಂಗನ ಆಳ್ವಿಕೆಯ ವರ್ಷನಾಮವನ್ನು ಬರೆಯುವುದೂ ಇದೇ ಎರಡು ಅಕ್ಷರಗಳಿಂದಲೇ. ಸೇವಾ 876ರಲ್ಲಿ ಪಟ್ಟವನ್ನು ಬಿಟ್ಟುಕೊಟ್ಟ ಮೇಲೂ ಜೋಗನ್ ಕೆಲವು ತಿಂಗಳು ನಡೆದು, 877ರಲ್ಲಿ ‘ಗಂಗ್ಯೋ’ ಎಂಬ ಹೆಸರಿಗೆ ಎಡೆಗೊಟ್ಟಿತು. ಆದುದರಿಂದ ವರ್ಷನಾಮವೂ ಅರಸನ ಆಯುಷ್ಯವೂ ಒಂದೇ ಆಗಿರಲಿಲ್ಲ. ವರ್ಷನಾಮವು ಅರಸನ ಹೆಸರಲ್ಲ, ಆಸ್ಥಾನದ ಕಡತಕ್ಕೆ ಸೇರಿದ ಹೆಸರು ಎಂಬುದನ್ನು ಓದುಗರು ಲಕ್ಷಿಸಬೇಕು.

ಈ ಕಡತದ ಮಾತು ಕೇವಲ ಅಲಂಕಾರವಲ್ಲ. ‘ಒನ್‌ಮ್ಯೋರ್ಯೋ’ ಎಂಬ ಇಲಾಖೆಯು ವರ್ಷಕ್ಕೊಮ್ಮೆ ಪಂಚಾಂಗವನ್ನು ಸಿದ್ಧಪಡಿಸಿ ಒಪ್ಪಿಸುತ್ತಿದ್ದಿತು. 862ರಲ್ಲಿ, ಜೋಗನ್ ನಾಲ್ಕನೆಯ ವರ್ಷದಲ್ಲಿ, ಚೀನಾ ಮೂಲದ ಸೆನ್ಮ್ಯೋ ಪಂಚಾಂಗವನ್ನು ಅಂಗೀಕರಿಸಿದರು; ಅದು ಎಂಟುನೂರು ವರ್ಷಗಳಿಗೂ ಮಿಗಿಲಾಗಿ ಬಳಕೆಯಲ್ಲಿದ್ದಿತು. ಆಸ್ಥಾನದ ದಿನವಹಿಗಳ ಆಧಾರದಿಂದ ಐವತ್ತು ಸಂಪುಟಗಳ ‘ನಿಹೋನ್ ಸಂದೈ ಜಿತ್ಸುರೊಕು’ ಎಂಬ ಚರಿತ್ರೆಯು 901ರಲ್ಲಿ ಮುಗಿಯಿತು. ಅದರಲ್ಲಿ ಜೋಗನ್ ಹನ್ನೊಂದನೆಯ ವರ್ಷದ ಐದನೆಯ ತಿಂಗಳ ಇಪ್ಪತ್ತಾರನೆಯ ದಿನ ಈಶಾನ್ಯದ ಮುತ್ಸು ಪ್ರಾಂತದಲ್ಲಿ ಮಹಾಭೂಕಂಪವಾಗಿ, ಸಮುದ್ರವು ಉಕ್ಕಿ, ಸುಮಾರು ಸಾವಿರ ಜನ ಮುಳುಗಿ ಸತ್ತರೆಂದು ಬರೆದಿದೆ. ಅದು ಕ್ರಿ. ಶ. 869ರ ಜುಲೈ ತಿಂಗಳು. ಸೆಂದೈ ಬಯಲಿನ ಮಣ್ಣಿನ ಪದರಗಳಲ್ಲಿ ಆ ಕಡಲು ತಂದು ಹರಡಿದ ಮರಳನ್ನು ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಭೂವಿಜ್ಞಾನಿಗಳು ಗುರುತಿಸಿದರು. 2011ರ ಮಾರ್ಚ್ 11ರಂದು ಅದೇ ಕರಾವಳಿಯಲ್ಲಿ ಮಹಾಸುನಾಮಿ ಎದ್ದಾಗ ಸಾವಿರದ ನೂರು ವರ್ಷಗಳಿಗೂ ಹಿಂದಿನ ಆ ಒಂದು ಸಾಲಿನ ಬೆಲೆ ಲೋಕಕ್ಕೆ ತಿಳಿಯಿತು. ತಾರೀಖು ಎಂಬುದು ಪಂಡಿತರ ವಿನೋದಕ್ಕಾಗಿ ಇರುವುದಲ್ಲವೆಂಬುದಕ್ಕೆ ಇದಕ್ಕಿಂತ ಮಿಗಿಲಾದ ನಿದರ್ಶನ ಬೇಕಿಲ್ಲ.

3

ಇನ್ನು ನಮ್ಮ ನಾಡಿಗೆ ಬರೋಣ. ಮುತ್ಸು ಪ್ರಾಂತದಲ್ಲಿ ಕಡಲು ಉಕ್ಕಿದ ಕಾಲಕ್ಕೆ ಬಹು ಸಮೀಪದಲ್ಲಿ ಗಂಗವಾಡಿಯ ಅರಸನೊಬ್ಬನು ತೀರಿಕೊಂಡನು. ತಿರುಮಕೂಡಲು ನರಸೀಪುರ ತಾಲ್ಲೂಕಿನ ದೊಡ್ಡಹುಂಡಿಯ ಶಿಲೆಯ ಮೇಲೆ ಆ ಮರಣದ ಚಿತ್ರವೇ ಇದೆ. ಅರಸ ನೀತಿಮಾರ್ಗನು ಮಂಚದ ಮೇಲೆ ಮಲಗಿದ್ದಾನೆ. ಅಗರಯ್ಯನೆಂಬ ನಿಷ್ಠಾವಂತ ಸೇವಕನು ಅವನನ್ನು ಹಿಡಿದುಕೊಂಡಿದ್ದಾನೆ. ಮಗನಾದ ಸತ್ಯವಾಕ್ಯನು ಬಳಿಯಲ್ಲಿದ್ದಾನೆ. ಒಡೆಯನೊಡನೆ ಅಗರಯ್ಯನು ಕೀಳ್ಗುಂಟೆಯಾದನೆಂದು, ಅಂದರೆ ಅವನ ಸಮಾಧಿಯ ಅಡಿಯಲ್ಲಿ ತಾನೂ ಸೇರಿದನೆಂದು ಶಾಸನ ಹೇಳುತ್ತದೆ. ಗಂಗರ ಶಾಸನಗಳಲ್ಲಿ ಇಷ್ಟು ಕಣ್ಣಿಗೆ ಕಟ್ಟುವ, ಇಷ್ಟು ಮನಮುಟ್ಟುವ ಶಿಲೆ ಮತ್ತೊಂದು ದೊರೆಯುವುದು ಕಷ್ಟ. ಆದರೆ ಅದರಲ್ಲಿ ವರ್ಷವಿಲ್ಲ.

ವರ್ಷವಿಲ್ಲದಿದ್ದರೇನು, ಅರಸನ ಹೆಸರಿದೆಯಲ್ಲ ಎನ್ನಬಹುದು. ತೊಡಕಿರುವುದು ಅಲ್ಲಿಯೇ. ಗಂಗರ ಅರಸರು ಒಂಬತ್ತನೆಯ ಶತಮಾನದಿಂದ ಮುಂದೆ ‘ಸತ್ಯವಾಕ್ಯ’ ಮತ್ತು ‘ನೀತಿಮಾರ್ಗ’ ಎಂಬ ಎರಡು ಬಿರುದುಗಳನ್ನು ಸರದಿಯಂತೆ ಧರಿಸಿದರು. ಮೊದಲನೆಯ ರಾಚಮಲ್ಲನು ಸತ್ಯವಾಕ್ಯ. ಅವನ ಮಗ ಎರೆಗಂಗನು ನೀತಿಮಾರ್ಗ. ಎರೆಗಂಗನ ಮಗ ಎರಡನೆಯ ರಾಚಮಲ್ಲನು ಮತ್ತೆ ಸತ್ಯವಾಕ್ಯ. ಅವನ ತರುವಾಯ ಎರೆಯಪ್ಪನು ಮತ್ತೆ ನೀತಿಮಾರ್ಗ. ಎರೆಯಪ್ಪನ ಮಗ ನರಸಿಂಹನು ಪುನಃ ಸತ್ಯವಾಕ್ಯ. ಇವರೆಲ್ಲರೂ ಕೊಂಗುಣಿವರ್ಮ ಧರ್ಮಮಹಾರಾಜಾಧಿರಾಜರು, ಕೋವಳಾಲಪುರವರೇಶ್ವರರು, ನಂದಗಿರಿನಾಥರು, ಎಲ್ಲರೂ ಪೆರ್ಮಾನಡಿಗಳು. ಊರಿನ ಕಲ್ಲಿನಲ್ಲಿ ಸ್ವಂತ ಹೆಸರನ್ನು ಬಿಟ್ಟು ಈ ಬಿರುದುಗಳನ್ನು ಮಾತ್ರ ಬರೆದಿದ್ದರೆ, ಅವನು ಇವರಲ್ಲಿ ಯಾವನೆಂಬುದನ್ನು ಬಿರುದಿನಿಂದಲೇ ನಿರ್ಧರಿಸುವುದು ಸಾಧ್ಯವಿಲ್ಲ.

ದೊಡ್ಡಹುಂಡಿಯ ಶಿಲೆಯನ್ನೇ ತೆಗೆದುಕೊಳ್ಳೋಣ. ನೀತಿಮಾರ್ಗನೆಂಬ ತಂದೆ, ಸತ್ಯವಾಕ್ಯನೆಂಬ ಮಗ ಎಂಬ ಜೋಡಿಯು ಎರೆಗಂಗ ಮತ್ತು ಎರಡನೆಯ ರಾಚಮಲ್ಲರಿಗೆ ಒಪ್ಪುವಂತೆಯೇ ಎರೆಯಪ್ಪ ಮತ್ತು ನರಸಿಂಹರಿಗೂ ಒಪ್ಪುತ್ತದೆ. ಇವೆರಡು ಜೋಡಿಗಳ ನಡುವೆ ಅರ್ಧ ಶತಮಾನದಷ್ಟು ಅಂತರವಿದೆ. ಶಿಲೆಯನ್ನು ಎರೆಗಂಗನ ಕಾಲಕ್ಕೆ ಸೇರಿಸುವುದು ರೂಢಿಯಾಗಿದೆ, ನಾವೂ ಅದನ್ನೇ ಅನುಸರಿಸಿದ್ದೇವೆ. ಆದರೆ ಈ ನಿರ್ಣಯವು ಶಿಲೆಯ ಮಾತಲ್ಲ, ಓದಿದವರ ಅನುಮಾನ ಎಂಬುದನ್ನು ಮರೆಯಲಾಗದು.

4

ಹಾಗಾದರೆ ಎರಡನೆಯ ರಾಚಮಲ್ಲನು ಪಟ್ಟವೇರಿದ ವರ್ಷವನ್ನು 870–71 ಎಂದು ಚರಿತ್ರೆಯ ಪುಸ್ತಕಗಳು ಧೈರ್ಯವಾಗಿ ಹೇಳುವುದಕ್ಕೆ ಆಧಾರವೇನು? ನಮ್ಮ ನಾಲ್ಕು ತಾಲ್ಲೂಕುಗಳನ್ನು ಪೂರ್ವದಿಂದಲೂ ಪಶ್ಚಿಮದಿಂದಲೂ ಕಾಯುತ್ತಿರುವಂತೆ ನಿಂತಿರುವ ಎರಡು ಶಾಸನಗಳೇ ಇದಕ್ಕೆ ಮುಖ್ಯ ಆಧಾರ.

ಮೊದಲನೆಯದು ನಂಜನಗೂಡು ತಾಲ್ಲೂಕಿನ ಹುಸುಕೂರಿನ ಶಾಸನ. ಅದರ ಕಾಲ ಶಕವರ್ಷ 792, ಎಂದರೆ ಕ್ರಿ. ಶ. 870. ಆಗ ಬೂತರಸನು ಯುವರಾಜನಾಗಿ ಕೊಂಗಲ್ನಾಡನ್ನೂ ಪುನ್ನಾಡನ್ನೂ ಆಳುತ್ತಿದ್ದನೆಂದು ಅದರಿಂದ ತಿಳಿಯುತ್ತದೆ. ಈ ಬೂತರಸನು ರಾಚಮಲ್ಲನ ತಮ್ಮ, ರಾಷ್ಟ್ರಕೂಟ ಅಮೋಘವರ್ಷನ ಅಳಿಯ. ಅವನ ಆಡಳಿತಕ್ಕೆ ಒಳಪಟ್ಟಿದ್ದ ಪುನ್ನಾಡು ಎಂಬುದೇ ಕಪಿಲೆಯ ದಡದ, ಇಂದಿನ ಹೆಗ್ಗಡದೇವನಕೋಟೆಯ ಸೀಮೆ.

ಎರಡನೆಯದು ಕೊಡಗಿನ ದಕ್ಷಿಣ ಭಾಗದ ಬಿಳಿಯೂರಿನ ಶಾಸನ. ಸತ್ಯವಾಕ್ಯ ಪೆರ್ಮಾನಡಿಯು ಪೆಣ್ಣೆಗಡಂಗದ ಸತ್ಯವಾಕ್ಯ ಜಿನಾಲಯಕ್ಕಾಗಿ ಶಿವನಂದಿ ಸಿದ್ಧಾಂತದೇವರ ಶಿಷ್ಯರಾದ ಸರ್ವನಂದಿದೇವರಿಗೆ ಬಿಳಿಯೂರಿನ ಹನ್ನೆರಡು ಹಳ್ಳಿಗಳನ್ನು ದಾನವಾಗಿ ಕೊಟ್ಟನು. ಈ ಹಳ್ಳಿಗಳಿದ್ದ ನಾಡು ಪೆದ್ದೊರೆಗರೆ, ಎಂದರೆ ಹಿರಿಯ ಹೊಳೆಯ ದಡ. ಗಂಗವಾಡಿಯ ತೊಂಬತ್ತಾರು ಸಾಸಿರದವರೂ ಪೆದ್ದೊರೆಗರೆಯ ಎಪ್ಪತ್ತು ಮಂದಿಯೂ ಇದಕ್ಕೆ ಸಾಕ್ಷಿಗಳು. ದಾನದ ಕಾಲವನ್ನು ಇಲ್ಲಿ ಎರಡು ಬಗೆಯಿಂದ ಹೇಳಿದೆ: ಶಕವರ್ಷ 809, ಮತ್ತು ಅರಸನು ಪಟ್ಟವೇರಿದ ಹದಿನೆಂಟನೆಯ ವರ್ಷ, ತಿಂಗಳು ಫಾಲ್ಗುಣ, ತಿಥಿ ಪಂಚಮಿ. ನಮ್ಮ ಪ್ರಬಂಧಕ್ಕೆ ಈ ಜೋಡಿ ಗಣನೆಯೇ ಜೀವಾಳ. ರಾಜ್ಯವರ್ಷವೊಂದೇ ಇದ್ದಿದ್ದರೆ ಯಾವ ಸತ್ಯವಾಕ್ಯನ ಹದಿನೆಂಟು ಎಂಬ ಪ್ರಶ್ನೆ ಉಳಿಯುತ್ತಿದ್ದಿತು. ಶಕವರ್ಷವೊಂದೇ ಇದ್ದಿದ್ದರೆ ಅರಸನು ಪಟ್ಟಕ್ಕೆ ಬಂದ ವರ್ಷ ತಿಳಿಯುತ್ತಿರಲಿಲ್ಲ.

ಲೆಕ್ಕವನ್ನು ವಿದ್ಯಾರ್ಥಿಗಳು ತಾವೇ ಮಾಡಿನೋಡಬಹುದು. ಶಕವರ್ಷ 809ನ್ನು ಕಳೆದುಹೋದ ವರ್ಷವೆಂದು ಎಣಿಸಿದರೆ ಅದರ ಫಾಲ್ಗುಣವು ಕ್ರಿ. ಶ. 888ರ ಫೆಬ್ರವರಿ ತಿಂಗಳ ಸುಮಾರಿಗೆ ಬೀಳುತ್ತದೆ. ಆಗ ಜಪಾನಿನಲ್ಲಿ ಜೋಗನ್, ಗಂಗ್ಯೋ ಎರಡೂ ಕಳೆದು ‘ನಿನ್ನಾ’ ಎಂಬ ವರ್ಷನಾಮದ ನಾಲ್ಕನೆಯ ವರ್ಷ ನಡೆಯುತ್ತಿದ್ದಿತು. 888ರ ಫೆಬ್ರವರಿಯು ಹದಿನೆಂಟನೆಯ ವರ್ಷದೊಳಗೆ ಬೀಳಬೇಕಾದರೆ ಮೊದಲನೆಯ ವರ್ಷದೊಳಗೆ 871ರ ಫೆಬ್ರವರಿ ಬೀಳಬೇಕು. ಆದುದರಿಂದ ಪಟ್ಟಾಭಿಷೇಕವು 870ರ ಆರಂಭದಿಂದ 871ರ ಆರಂಭದೊಳಗೆ ನಡೆದಿರಬೇಕು. ಹುಸುಕೂರಿನ ಶಾಸನದ ಶಕವರ್ಷ 792ಕ್ಕೆ ಇದು ಚೆನ್ನಾಗಿ ಹೊಂದಿಕೊಳ್ಳುತ್ತದೆ. ಅದಕ್ಕೆ ಬದಲಾಗಿ 809ನ್ನು ನಡೆಯುತ್ತಿರುವ ವರ್ಷವೆಂದು ಎಣಿಸಿದರೆ ಎಲ್ಲವೂ ಒಂದು ವರ್ಷ ಹಿಂದಕ್ಕೆ ಸರಿಯುತ್ತವೆ. ಇಷ್ಟು ಸ್ಪಷ್ಟವಾದ ಶಾಸನದಲ್ಲಿಯೂ ಒಂದು ವರ್ಷದ ಸಡಿಲ ಉಳಿದಿದೆಯೆಂದು ನೆನಪಿಡಬೇಕು.

ಇಂತಹ ಜೋಡಿ ಗಣನೆ ಆ ಕಾಲದ ಕನ್ನಡನಾಡಿಗೆ ಅಪರಿಚಿತವಾಗಿರಲಿಲ್ಲ. ಉತ್ತರದ ಸಿರೂರು ಮತ್ತು ನೀಲಗುಂದ ಶಾಸನಗಳಲ್ಲಿ ಕಳೆದ ಶಕವರ್ಷ 787, ವ್ಯಯ ಸಂವತ್ಸರ, ಅಮೋಘವರ್ಷನ ಆಳ್ವಿಕೆಯ 52ನೆಯ ವರ್ಷ ಎಂದು ಮೂರು ಬಗೆಯ ಗಣನೆಯೂ ಸೂರ್ಯಗ್ರಹಣವೂ ಒಟ್ಟಿಗೆ ಉಕ್ತವಾಗಿವೆ. ಅದು ಕ್ರಿ. ಶ. 866ರ ಜೂನ್ 16. ಅದೇ ವರ್ಷ, ಜೋಗನ್ ಎಂಟನೆಯ ವರ್ಷದಲ್ಲಿ, ಜಪಾನಿನ ಅರಮನೆಯ ಓತೆನ್ಮೋನ್ ಬಾಗಿಲು ಸುಟ್ಟು ಬೂದಿಯಾಗಿ, ಆ ಗಲಭೆಯ ನಡುವೆ ಫುಜಿವಾರ ಯೋಶಿಫುಸನು ಬಾಲಚಕ್ರವರ್ತಿಯ ಪರವಾಗಿ ರಾಜ್ಯಭಾರವನ್ನು ವಹಿಸಿಕೊಂಡನು. ಜಪಾನೀಯರೂ ವರ್ಷನಾಮದ ಜೊತೆಗೆ ಚೀನಾದ ಅರವತ್ತು ವರ್ಷಗಳ ಚಕ್ರವನ್ನು ಬಳಸುತ್ತಿದ್ದರು. ನಮ್ಮ ಎಣಿಕೆಯಲ್ಲಿ ಇಪ್ಪತ್ತನೆಯದಾದ ವ್ಯಯವು ಅವರ ಎಣಿಕೆಯಲ್ಲಿ ಇಪ್ಪತ್ತಮೂರನೆಯ ವರ್ಷ. ಗಂಗರೂ ಶಕವರ್ಷವನ್ನು ಅರಿಯದವರಲ್ಲ. ಶ್ರೀಪುರುಷನ ದೇವರಹಳ್ಳಿ ತಾಮ್ರಪಟಗಳಲ್ಲಿ ಶಕವರ್ಷ 698ನ್ನೂ ಅವನ ಆಳ್ವಿಕೆಯ 50ನೆಯ ವರ್ಷವನ್ನೂ ಕೂಡಿಯೇ ಹೇಳಿದೆ. ಆದುದರಿಂದ ಊರಿನ ಕಲ್ಲಿನಲ್ಲಿ ಶಕವರ್ಷ ಇಲ್ಲದಿರುವುದಕ್ಕೆ ಅಜ್ಞಾನವು ಕಾರಣವಲ್ಲ.

5

ಕಾರಣವನ್ನು ನಾವು ಬೇರೆಡೆ ಹುಡುಕಬೇಕು. ಜಪಾನಿನಲ್ಲಿ ವರ್ಷವನ್ನು ಬರೆದವರು ಆಸ್ಥಾನದ ಲಿಪಿಕಾರರು; ಅವರು ಬರೆದದ್ದು ಮುಂದೆ ಅದೇ ಕಚೇರಿಯಲ್ಲಿ ಕುಳಿತುಕೊಳ್ಳಲಿರುವ ಮತ್ತೊಬ್ಬ ಲಿಪಿಕಾರನಿಗಾಗಿ. ಅವನಿಗೆ ವರ್ಷನಾಮಗಳ ಪಟ್ಟಿ ಅಗತ್ಯ; ಅವನು ಅದನ್ನು ಕಾಪಾಡಿದನು. ನಮ್ಮ ಊರಿನ ಕಲ್ಲನ್ನು ಕಡೆಯಿಸಿದವರು ಅದನ್ನು ನಿಲ್ಲಿಸಿದ್ದು ಆ ಊರಿನವರಿಗಾಗಿ. ಅರಸನಾರೆಂದು ಅವರೆಲ್ಲರೂ ಬಲ್ಲರು. ದತ್ತಿಯ ಭೂಮಿ ಯಾವುದು, ಎಲ್ಲೆ ಯಾವುದು, ಸಾಕ್ಷಿಗಳಾರು, ಅಳಿದವನಿಗೆ ಬರುವ ಪಾಪವೇನು ಎಂಬುದು ಅವರಿಗೆ ಬೇಕಾದ ವಿಷಯ. ಚಂದ್ರಸೂರ್ಯರಿರುವ ತನಕ ಬಾಳಬೇಕಾದ ದತ್ತಿಗೆ ವರ್ಷದ ಸಂಖ್ಯೆಯು ಅತ್ಯಗತ್ಯವೆಂದು ಅವರಿಗೆ ತೋರಲಿಲ್ಲ. ಇದರಿಂದ ನಮ್ಮ ಪೂರ್ವಿಕರಿಗೆ ಚರಿತ್ರೆಯ ದೃಷ್ಟಿ ಇರಲಿಲ್ಲವೆಂದು ದೂರುವುದು ಸರಿಯಲ್ಲ. ಅವರು ಬರೆದದ್ದು ಹಕ್ಕಿನ ಪತ್ರ. ಅದರಲ್ಲಿ ನಾವು ಚರಿತ್ರೆಯನ್ನು ಹುಡುಕುತ್ತಿದ್ದೇವೆ.

ಆದರೂ ಬೆಲೆ ತೆರಬೇಕಾಗಿ ಬಂದಿದೆ. ಹೆಗ್ಗಡದೇವನಕೋಟೆ ತಾಲ್ಲೂಕಿನ ಹೆಬ್ಬಲಗುಪ್ಪೆಯ ಶಾಸನವು ನರಸಿಂಗೆರೆ ಅಪ್ಪೊರ್ ದುಗ್ಗಮಾರನು ಒಂದು ಬಸದಿಗೆ ಭೂಮಿಯನ್ನು ಬಿಟ್ಟ ಸಂಗತಿಯನ್ನು ಹೇಳುತ್ತದೆ. ಆ ಬಸದಿಯನ್ನು ಕಟ್ಟಿದ ಪೆರುಂದಚ್ಚ, ಎಂದರೆ ಹಿರಿಯ ಶಿಲ್ಪಿ, ನಾರಾಯಣನೆಂಬವನ ಹೆಸರೂ ಅದರಲ್ಲಿ ಉಳಿದಿದೆ. ಒಂಬತ್ತನೆಯ ಶತಮಾನದ ಒಬ್ಬ ಶಿಲ್ಪಿಯ ಹೆಸರು ಉಳಿಯುವುದೇ ಅಪೂರ್ವ. ಆದರೆ ಅವನು ಕಟ್ಟಿದ ಕಾಲವನ್ನು ನಾವು ‘ಸುಮಾರು 825’ ಎಂದು ಮಾತ್ರ ಹೇಳಬಲ್ಲೆವು. ಈ ಬಗೆಯ ಅಂದಾಜು ಹತ್ತಿಪ್ಪತ್ತು ವರ್ಷ ಆಚೀಚೆಯಾಗುವುದು ಅಸಂಭವವಲ್ಲ. ಹಾಗಾದರೆ ಅವನು ಕಟ್ಟಿದ್ದು ಗಂಗರು ರಾಷ್ಟ್ರಕೂಟರೊಡನೆ ಹೋರಾಡುತ್ತಿದ್ದ ದಿನಗಳಲ್ಲಿಯೋ ಅಥವಾ ವಿವಾಹಸಂಬಂಧದಿಂದ ಶಾಂತಿ ನೆಲಸಿದ ಮೇಲೋ ಎಂಬ ಪ್ರಶ್ನೆಯು ಉತ್ತರವಿಲ್ಲದೆ ನಿಲ್ಲುತ್ತದೆ. ಯುದ್ಧಕಾಲದಲ್ಲಿ ಕಟ್ಟಿದ ಬಸದಿಗೂ ಶಾಂತಿಕಾಲದಲ್ಲಿ ಕಟ್ಟಿದ ಬಸದಿಗೂ ಚರಿತ್ರೆಯಲ್ಲಿ ಅರ್ಥಭೇದವಿದೆ.

ಸಂಖ್ಯೆಯಿಲ್ಲದ ನೆನಪು ಹೇಗೆ ಕರಗುತ್ತದೆಂಬುದಕ್ಕೆ ಹಳೆಯ ಎಡತೊರೆ ಸೀಮೆಯ ಹನಸೋಗೆಯೇ ಸಾಕ್ಷಿ. ಹನ್ನೊಂದನೆಯ ಶತಮಾನದಲ್ಲಿ ನನ್ನಿ ಚಂಗಾಳ್ವನು ಅಲ್ಲಿಯ ಬಸದಿಯನ್ನು ಪುನಃ ಕಟ್ಟಿಸಿದನು. ಅಷ್ಟರಲ್ಲಾಗಲೇ ಆ ಬಸದಿಗಳು ದಶರಥಪುತ್ರನಾದ ರಾಮನಿಂದ ಸ್ಥಾಪಿತವಾದವು ಎಂಬ ಐತಿಹ್ಯ ಬೆಳೆದು ಶಾಸನದಲ್ಲಿಯೇ ಸೇರಿಹೋಗಿದ್ದಿತು. ಭಕ್ತಿಯ ದೃಷ್ಟಿಯಿಂದ ಈ ಮಾತಿಗೆ ಸ್ಥಾನವುಂಟು. ಆದರೆ ರಾಮನಿಗೂ ಚಂಗಾಳ್ವನಿಗೂ ನಡುವೆ ಆ ಬಸದಿಗಳನ್ನು ನಿಜವಾಗಿ ಕಟ್ಟಿಸಿದವರು, ಕಟ್ಟಿದವರು, ಅಲ್ಲಿದ್ದು ಕಲಿಸಿದವರು ಇದ್ದೇ ಇದ್ದರು. ಅವರೆಲ್ಲರೂ ಆ ಒಂದು ಹೆಸರಿನ ಹಿಂದೆ ಮರೆಯಾದರು.

6

ಈ ಸೀಮೆಯ ಶಾಸನಗಳನ್ನು ಅಭ್ಯಾಸ ಮಾಡುವವರು ಇಷ್ಟರಿಂದ ಗ್ರಹಿಸಬೇಕಾದ ಮಾತುಗಳು ಕೆಲವುಂಟು. ಒಂದು, ಶಾಸನವೇ ಹೇಳುವ ಕಾಲವನ್ನೂ ಲಿಪಿಯಿಂದ ಊಹಿಸಿದ ಕಾಲವನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಬಾರದು. ರೈಸ್ ಅವರ ಪ್ರಕಟಣೆಯಲ್ಲಿಯೂ, ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು 1972ರಿಂದ ಹೊರತಂದ ಪರಿಷ್ಕೃತ ಸಂಪುಟಗಳಲ್ಲಿಯೂ ‘ಸುಮಾರು’ ಎಂದಿರುವುದನ್ನು ನಮ್ಮ ಬರಹಗಳಲ್ಲಿ ಉದ್ಧರಿಸುವಾಗ ಆ ಶಬ್ದವನ್ನು ಬಿಟ್ಟುಬಿಡುವುದು ಸಾಮಾನ್ಯ ದೋಷವಾಗಿದೆ. ಎರಡು, ಸತ್ಯವಾಕ್ಯ, ನೀತಿಮಾರ್ಗ ಎಂಬ ಬಿರುದನ್ನು ಕಂಡೊಡನೆ ಅರಸನನ್ನು ನಿರ್ಧರಿಸದೆ, ಶಾಸನದಲ್ಲಿ ಬರುವ ಯುವರಾಜ, ನಾಡಾಳ್ವ, ಆಚಾರ್ಯ ಇವರ ಹೆಸರುಗಳನ್ನು ಪರೀಕ್ಷಿಸಬೇಕು. ಸತ್ಯವಾಕ್ಯನೊಡನೆ ಯುವರಾಜನಾದ ಬೂತರಸನ ಹೆಸರಿದ್ದರೆ ಆ ಅರಸನು ಎರಡನೆಯ ರಾಚಮಲ್ಲನೇ. ಬೂತರಸನು ಅಣ್ಣನಿಗಿಂತ ಮೊದಲೇ ತೀರಿಕೊಂಡುದರಿಂದಲೇ ಪಟ್ಟವು ಅವನ ಮಗನಾದ ಎರೆಯಪ್ಪನಿಗೆ ಸಂದಿತು. ಆದುದರಿಂದ ಅಂತಹ ಶಾಸನದ ಕಾಲವು ಇನ್ನೂ ಕಿರಿದಾದ ಎಲ್ಲೆಯೊಳಗೆ ಸಿಕ್ಕುತ್ತದೆ. ಮೂರು, ಹೊಲದ ಬದುವಿನಲ್ಲಿ, ಕೆರೆಯ ಏರಿಯ ಮೇಲೆ ನಿಂತಿರುವ ಕಲ್ಲನ್ನು ಸ್ಥಳದಿಂದ ಕದಲಿಸಬಾರದು. ಕಾಲವನ್ನು ಹೇಳದ ಶಿಲೆಗೆ ಸ್ಥಳವೇ ಅರ್ಧ ಸಾಕ್ಷಿ. ಅದನ್ನೂ ಕಳೆದುಕೊಂಡರೆ ಮಿಕ್ಕುವುದು ಅಕ್ಷರಗಳು ಮಾತ್ರ.

ಜೋಗನ್ ವರ್ಷನಾಮವು ಕಳೆದು ಸಾವಿರದ ನೂರು ವರ್ಷಗಳಿಗೂ ಹೆಚ್ಚು ಕಾಲವಾಗಿದೆ. ಅದನ್ನು ಘೋಷಿಸಿದ ಚಕ್ರವರ್ತಿಯನ್ನು ಇಂದು ನೆನೆಯುವವರು ಕೆಲವರೇ ಆದರೂ ಆ ಹೆಸರಿನಡಿಯಲ್ಲಿ ಬರೆದ ಒಂದು ದಿನಾಂಕವು ಇಪ್ಪತ್ತೊಂದನೆಯ ಶತಮಾನದವರಿಗೂ ಎಚ್ಚರಿಕೆಯ ಮಾತಾಯಿತು. ಸತ್ಯವಾಕ್ಯನ ಹದಿನೆಂಟನೆಯ ವರ್ಷವೂ ಹಾಗೆಯೇ ಉಳಿದಿದೆ. ಆದರೆ ಅದು ಉಳಿದದ್ದು ಸತ್ಯವಾಕ್ಯನ ಕೀರ್ತಿಯಿಂದಲ್ಲ, ಬಿಳಿಯೂರಿನ ದಾನಪತ್ರವನ್ನು ಬರೆದವನು ಅದರ ಪಕ್ಕದಲ್ಲಿ ಎಂಟುನೂರ ಒಂಬತ್ತು ಎಂಬ ಸಂಖ್ಯೆಯನ್ನೂ ಬರೆದದ್ದರಿಂದ. ಆ ಒಂದು ಸಂಖ್ಯೆಯನ್ನು ಹಿಡಿದುಕೊಂಡೇ ನಾವು ಇಂದು ಕಪಿಲೆಯಿಂದ ಲಕ್ಷ್ಮಣತೀರ್ಥದವರೆಗಿನ ಕಾಲವಿಲ್ಲದ ಕಲ್ಲುಗಳನ್ನು ಒಂದೊಂದಾಗಿ ಸಾಲಿಗೆ ಸೇರಿಸಲು ಪ್ರಯತ್ನಿಸುತ್ತಿದ್ದೇವೆ.